ಕೂತಿರುವ ಕೆಲಸ

ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವನನ್ನು ಫಿಟ್ಟರ್ ಎನ್ನುತ್ತಿದ್ದರು. ಸಭೆಯಲ್ಲಿ, ಅಂದರೆ ಭಾನುವಾರದ ಆರಾಧನೆಗೆ ಸೇರುವ ಜನರ ನಡುವೆ, ಅವನ ಹೆಸರು ‘ನಾನಿದ್ದೀನಲ್ಲ’. ಇಟ್ಟವರು ಯಾರೋ ತಿಳಿಯದು, ಆದರೆ ಅವನ ಬಾಯಿಂದಲೇ ಎತ್ತಿಕೊಂಡು ಇಟ್ಟದ್ದು. ಮೈಕ್ ಕೆಟ್ಟಿತೇ, ನಾನಿದ್ದೀನಲ್ಲ. ಕುರ್ಚಿ ಸಾಲದೆ ಬಂತೇ, ನಾನಿದ್ದೀನಲ್ಲ. ಪಾಸ್ಟರ ಸ್ಕೂಟರು ಕೆಮ್ಮಿದರೆ, ಮದುಮಗನ ಕಾರು ದಾರಿಯಲ್ಲಿ ನಿಂತರೆ, ಶವಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದಿದ್ದರೆ, ಅದೇ ಮಾತು. ಒಮ್ಮೆ ಪಾಸ್ಟರು ಪ್ರಸಂಗದ ನಡುವೆ, ಕಷ್ಟದಲ್ಲಿ ನಿಮಗೆ ಯಾರಿದ್ದಾರೆ ಎಂದು ದನಿಯೇರಿಸಿ ಕೇಳಿ, ಉತ್ತರ ಹೇಳುವ ಮೊದಲು ಸ್ವಲ್ಪ ನಿಲ್ಲಿಸಿದರು. ಆ ಮೌನದಲ್ಲಿ ಹಿಂದಿನ ಬೆಂಚಿನಿಂದ ಯಾರೋ ಫಿಟ್ಟರನ ಕಡೆ ನೋಡಿ ಕಿಸಕ್ಕೆಂದರು. ಇಡೀ ಸಾಲು ನಕ್ಕಿತು. ಫಿಟ್ಟರ್ ಮಾತ್ರ ನಗಲಿಲ್ಲ. ಯಾರಿಗೋ ಕಷ್ಟ ಬಂದಿದೆ ಎಂದು ಅವನಾಗಲೇ ಅರ್ಧ ಎದ್ದಿದ್ದ.

ವಾರಕ್ಕೊಮ್ಮೆ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಸೇರುತ್ತಿತ್ತು. ಒಬ್ಬೊಬ್ಬರಾಗಿ ತಮ್ಮ ಕಷ್ಟ ಹೇಳಿಕೊಳ್ಳುವುದು, ಉಳಿದವರು ಕಣ್ಣು ಮುಚ್ಚಿ ಅದನ್ನು ದೇವರ ಮುಂದಿಡುವುದು ಅಲ್ಲಿಯ ಕ್ರಮ. ಫಿಟ್ಟರನಿಗೆ ಹಾಗೆ ಮುಂದಿಟ್ಟದ್ದನ್ನು ಅಲ್ಲೇ ಬಿಟ್ಟು ಬರುವುದು ಗೊತ್ತಿರಲಿಲ್ಲ. ಮನೆಯಾಕೆ ನಲ್ಲಿ ಸೋರುತ್ತಿದೆ ಎಂದು ಬಾಯಿಬಿಟ್ಟರೆ ಸಾಕು, ಎಲ್ಲರ ಕಣ್ಣು ಮುಚ್ಚುವುದನ್ನೇ ಕಾದು, ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ನುಸುಳಿ, ಜೇಬಿನಲ್ಲಿದ್ದ ವಾಷರ್ ಹಾಕಿ, ಆಮೆನ್ ಹೊತ್ತಿಗೆ ಸರಿಯಾಗಿ ತನ್ನ ಜಾಗದಲ್ಲಿರುತ್ತಿದ್ದ. ಅವನ ಆಮೆನ್ ಎಲ್ಲರದಕ್ಕಿಂತ ಜೋರು. ಕೈ ಮಾತ್ರ ಒದ್ದೆ.

ಜನ ಇದನ್ನು ಬೇಗನೆ ಕಂಡುಕೊಂಡರು. ಕ್ರಮೇಣ ಅವರ ಪ್ರಾರ್ಥನೆಗಳಲ್ಲಿ ವಿವರ ಜಾಸ್ತಿಯಾಯಿತು. ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದ ಅಜ್ಜಿಯೊಬ್ಬಳು, ಮುಂದೆ ಫ್ಯಾನ್ ಅಜ್ಜಿ ಎಂದೇ ಹೆಸರಾದವಳು, ತಲೆ ಬಾಗಿಸಿ, ಕರ್ತನೇ, ನಮ್ಮ ಅಡುಗೆಮನೆಯ ಫ್ಯಾನು ಜೋರಾಗಿ ತಿರುಗಿಸಿದರೆ ಕಟಕಟ ಅನ್ನುವುದು ನಿನಗೆ ತಿಳಿದೇ ಇದೆ, ಶನಿವಾರ ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುವುದೂ ನಿನಗೆ ತಿಳಿದಿದೆ ಎಂದು ನಿವೇದಿಸಿ, ಒಂದು ಕಣ್ಣನ್ನು ಎಳ್ಳಷ್ಟು ತೆರೆದು ಫಿಟ್ಟರನ ಕಿವಿ ಇತ್ತ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಶನಿವಾರ ಮಧ್ಯಾಹ್ನ ಏಣಿ ಹೊತ್ತ ಫಿಟ್ಟರ್ ಅವಳ ಬಾಗಿಲಲ್ಲಿ ಹಾಜರು. ಅಜ್ಜಿ ದೇವರಿಗೆ ಸ್ತೋತ್ರ ಹೇಳಿ ಫಿಟ್ಟರನಿಗೆ ಟೀ ಕೊಡುತ್ತಿದ್ದಳು. ಇವರೆಲ್ಲ ತನ್ನನ್ನೇ ಗುರಿಯಿಟ್ಟು ಪ್ರಾರ್ಥಿಸುತ್ತಿದ್ದಾರೆ ಎಂಬ ಗುಮಾನಿ ಅವನಿಗೆ ಒಂದು ದಿನವೂ ಬರಲಿಲ್ಲ. ತನ್ನ ಕಿವಿಗೆ ಬಿದ್ದದ್ದಕ್ಕೆ ಸರಿಹೋಯಿತು, ಇಲ್ಲದಿದ್ದರೆ ಪಾಪ ಇವರ ಗತಿ ಏನು ಎಂದುಕೊಳ್ಳುತ್ತಿದ್ದ.

ಅವನು ಪ್ರಾರ್ಥಿಸುತ್ತಿರಲಿಲ್ಲ ಎಂದೇನಲ್ಲ. ಬೆಳಿಗ್ಗೆ ಎದ್ದ ಕೂಡಲೆ, ಊಟಕ್ಕೆ ಮುಂಚೆ, ಮಲಗುವ ಮುಂಚೆ, ಒಂದು ಹೊತ್ತೂ ತಪ್ಪಿಸಿದವನಲ್ಲ. ಆದರೆ ಆ ಪ್ರಾರ್ಥನೆ ಕೇಳಿದರೆ ಕಾರ್ಖಾನೆಯಲ್ಲಿ ಒಂದು ಪಾಳಿಯವನು ಮುಂದಿನ ಪಾಳಿಯವನಿಗೆ ಕೆಲಸ ಒಪ್ಪಿಸುವ ಹಾಗಿತ್ತು. ಇಲ್ಲಿ ಬೆಲ್ಟು ಸಡಿಲ, ಅಲ್ಲಿ ಬಿಸಿ ಜಾಸ್ತಿ, ಇದನ್ನು ಗಮನಿಸು, ಅದನ್ನು ಮರೆಯಬೇಡ. ಅಷ್ಟೂ ಒಪ್ಪಿಸಿದ ಮೇಲೆ ಮನೆಗೆ ಹೋಗಬೇಕಲ್ಲ, ಹೋಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಹೊಸ ಪಾಳಿಯವನ ಬೆನ್ನ ಹಿಂದೆ ಕೈಕಟ್ಟಿ ನಿಂತು, ಸರಿಯಾಗಿ ಮಾಡುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದ. ದೇವರ ಬೆನ್ನ ಹಿಂದೆಯೂ ವರ್ಷಗಟ್ಟಲೆ ಹಾಗೇ ನಿಂತಿದ್ದ. ಹೊಸ ಪಾಳಿಯವರು ಒಂದೊಂದು ಸಲ ರೇಗುತ್ತಿದ್ದರು. ದೇವರು ಮಾತ್ರ ಇದುವರೆಗೆ ಏನೂ ಅಂದಿರಲಿಲ್ಲ.

ಇಂಥವನನ್ನು ಕಟ್ಟಿಕೊಂಡ ಟೀಚರಮ್ಮನ ಉದ್ಯೋಗವೇ ಶಿಶುವಿಹಾರದ ಮಕ್ಕಳನ್ನು ಒಂದು ಕಡೆ ಕೂರಿಸುವುದು. ಮೊದಲ ದಿನ ಅಮ್ಮನ ಕಾಲು ಬಿಡದೆ ಅರಚುವ ಮಕ್ಕಳು ವಾರ ಕಳೆಯುವಷ್ಟರಲ್ಲಿ ಅವಳ ಒಂದೇ ಒಂದು ‘ಕೂತ್ಕೊಳ್ಳಿ’ಗೆ ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದವು. ಗದರುವುದಿಲ್ಲ, ಹೆದರಿಸುವುದಿಲ್ಲ, ದನಿಯಲ್ಲೇ ಏನೋ ಇತ್ತು. ತಾನು ಸೋತದ್ದು ಒಬ್ಬನ ಹತ್ತಿರ ಮಾತ್ರ, ಅವನು ಮನೆಯಲ್ಲೇ ಇದ್ದಾನೆ ಎಂದು ಹೇಳಿಕೊಂಡು ನಗುತ್ತಿದ್ದಳು. ಊಟದ ಮಧ್ಯೆ ಎದ್ದು ಕಿಟಕಿಯ ಕೀಲಿಗೆ ಎಣ್ಣೆ ಬಿಡಲು ಹೋಗುವ ಗಂಡನ ತಟ್ಟೆಗೆ ಮುಚ್ಚಳ ಮುಚ್ಚುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಶಾಲೆಯ ಮೆಟ್ಟಿಲು ಹತ್ತುವಾಗ ಅವಳಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಪರೀಕ್ಷೆಗಳಾದವು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಎದೆ ತೆರೆದು ಬದಲಿಸಬೇಕು ಎಂದರು. ಫಿಟ್ಟರನ ಎದೆ ಧಸಕ್ಕೆಂದಿತು. ಮರುಕ್ಷಣವೇ ಸ್ವಲ್ಪ ಧೈರ್ಯವೂ ಬಂತು, ಯಾಕೆಂದರೆ ಕವಾಟ ಎಂದರೆ ವಾಲ್ವು, ವಾಲ್ವಿನ ವಿಷಯ ಅವನಿಗೆ ಕರತಲಾಮಲಕ. ಸರ್ಜನರ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತು, ಹೊಸ ವಾಲ್ವನ್ನು ಯಾವುದರಿಂದ ಮಾಡಿದ್ದಾರೆ, ಕೂರಿಸುವ ಜಾಗ ಸಮತಟ್ಟಾಗಿದೆಯೇ, ಹಾಕಿದ ಮೇಲೆ ಸೋರಿಕೆ ಹೇಗೆ ನೋಡುತ್ತೀರಿ ಎಂದು ಒಂದಾದ ಮೇಲೊಂದು ಕೇಳಿದ. ಸರ್ಜನರು ತಾಳ್ಮೆಯವರು, ಎಲ್ಲಕ್ಕೂ ಉತ್ತರ ಹೇಳಿದರು. ಕಡೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನೀವೇ ಮಾಡ್ತೀರಾ ಎಂದರು. ಫಿಟ್ಟರ್ ತಕ್ಷಣ ಇಲ್ಲ ಅನ್ನಲಿಲ್ಲ ಎನ್ನುವುದನ್ನು ಟೀಚರಮ್ಮ ಆಮೇಲೆ ಕಂಡವರಿಗೆಲ್ಲ ಹೇಳಿ ನಕ್ಕಳು.

ಅಲ್ಲಿಂದ ಮುಂದೆ ಅವನು ಆ ಆಪರೇಷನ್ನನ್ನು ತಲೆಯ ಮೇಲೆ ಹೊತ್ತುಕೊಂಡ. ಆಸ್ಪತ್ರೆಯ ವಾಚ್‌ಮನ್ನನ ಸ್ನೇಹ ಬೆಳೆಸಿ ಜನರೇಟರ್ ನೋಡಿಬಂದ. ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗಿ ಕಿವಿಗೊಟ್ಟು ಕೇಳಿದ. ಅವಳದೇ ಗುಂಪಿನ ರಕ್ತವಿದ್ದ ಮೂವರನ್ನು ಕಾರ್ಖಾನೆಯಲ್ಲಿ ಹುಡುಕಿ, ತಾನು ಫೋನ್ ಮಾಡಿದ ಕೂಡಲೇ ಹೊರಡಬೇಕೆಂದು ಕಟ್ಟುನಿಟ್ಟು ಮಾಡಿದ. ಪ್ರತಿದಿನ ಮಲಗುವ ಮುಂಚೆ ಈ ಎಲ್ಲವನ್ನೂ ದೇವರಿಗೆ ವರದಿ ಒಪ್ಪಿಸಿ, ನಿನ್ನ ಚಿತ್ತ ನೆರವೇರಲಿ ಎಂದು ಮುಗಿಸುತ್ತಿದ್ದ.

ಆ ವಾರ ಪ್ರಾರ್ಥನಾ ಕೂಟ ಅವರ ಮನೆಯಲ್ಲೇ ಸೇರಿತು. ಪಾಸ್ಟರು ಟೀಚರಮ್ಮನ ಕಡೆ ತಿರುಗಿ, ನಿಮಗೋಸ್ಕರ ಏನೆಂದು ಬೇಡಿಕೊಳ್ಳೋಣ ಎಂದು ಕೇಳಿದರು. ಜೀವ ಉಳಿಯಲಿ, ಸರ್ಜನರ ಕೈ ನಡುಗದಿರಲಿ ಎಂದೇನೋ ಹೇಳುತ್ತಾಳೆಂದು ಎಲ್ಲರೂ ಆಗಲೇ ಕೈ ಜೋಡಿಸಿದ್ದರು.

“ನನಗೆ ಬೇಕಾಗಿರೋದು ಒಂದೇ,” ಎಂದಳು ಟೀಚರಮ್ಮ. “ನಾನು ಒಳಗಿರೋವರೆಗೂ ನಮ್ಮ ಯಜಮಾನ್ರು ಏನೂ ಮುಟ್ಟದೆ ಒಂದು ಕಡೆ ಕೂತಿರ್ಲಿ. ಅಷ್ಟು ಕೇಳ್ಕೊಳ್ಳಿ.”

ಕೋಣೆಯೆಲ್ಲ ಗೊಳ್ಳೆಂದಿತು. ಇದು ಸತ್ತವರನ್ನು ಎಬ್ಬಿಸುವುದಕ್ಕಿಂತ ದೊಡ್ಡ ಅದ್ಭುತ, ಒಂದು ಕೂಟದ ಪ್ರಾರ್ಥನೆ ಸಾಲದು ಎಂದು ಫ್ಯಾನ್ ಅಜ್ಜಿ ತೀರ್ಪು ಕೊಟ್ಟಳು. ಪಾಸ್ಟರೂ ನಗು ತಡೆಯಲಿಲ್ಲ. ಟೀಚರಮ್ಮ ನಗುತ್ತಿಲ್ಲ ಎನ್ನುವುದು ಆಮೇಲೆ ಒಬ್ಬೊಬ್ಬರಿಗೇ ಕಂಡಿತು, ಕೋಣೆ ತಣ್ಣಗಾಯಿತು. ಅವಳು ಹೇಳಿದ್ದನ್ನೇ ಅವರು ಬೇಡಿಕೊಂಡರು. ಆ ಒಂದು ಪ್ರಾರ್ಥನೆಯಲ್ಲಿ ಫಿಟ್ಟರನಿಗೆ ಮಾಡಲು ಏನೂ ಇರಲಿಲ್ಲವಾಗಿ ಆಮೆನ್ ಬಾಯಿಂದ ಸರಿಯಾಗಿ ಹೊರಡಲಿಲ್ಲ.

ಎಲ್ಲರೂ ಹೋದ ಮೇಲೆ ಟೀ ಲೋಟ ತೊಳೆಯುತ್ತ ಅವನು ಮುಖ ಊದಿಸಿಕೊಂಡಿದ್ದ. ನಾಲ್ಕು ಜನರ ಮುಂದೆ ಮಾನ ತೆಗೆದೆ ಎಂಬುದು ತಕರಾರು. ಟೀಚರಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಉಸಿರು ಹದಕ್ಕೆ ಬರುವವರೆಗೆ ಸುಮ್ಮನಿದ್ದು, ಅವನ ಅಮ್ಮನ ವಿಷಯ ತೆಗೆದಳು. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನು ಮಂಚದ ಪಕ್ಕದಲ್ಲಿರಲಿಲ್ಲ. ವಾರ್ಡಿನಲ್ಲಿ ನೀರು ಬರುತ್ತಿಲ್ಲ ಎಂದು ಯಾರೋ ಅಂದದ್ದೇ ನೆಪವಾಗಿ ಕೆಳಗೆ ಹೋಗಿ ಪಂಪು ಬಿಚ್ಚುತ್ತಿದ್ದ. ಅಂದಿನಿಂದ ಆ ಸಾವಿನಲ್ಲಿ ಸಡಿಲವಿದ್ದ ಒಂದು ಸ್ಕ್ರೂ ಎಲ್ಲಿತ್ತು ಎಂದು ಹುಡುಕುತ್ತಲೇ ಇದ್ದಾನೆ. ಒಂದು ವರ್ಷ, ಬೇರೆ ಆಸ್ಪತ್ರೆಗೆ ಸೇರಿಸಬೇಕಿತ್ತು ಎನ್ನುವನು. ಇನ್ನೊಂದು ವರ್ಷ, ಮಾತ್ರೆ ಬದಲಿಸಿದ ದಿನವೇ ಜಗಳ ಮಾಡಬೇಕಿತ್ತು ಎನ್ನುವನು. ಆಂಬುಲೆನ್ಸಿಗೆ ಕಾಯದೆ ತಾನೇ ಕಾರಿನಲ್ಲಿ ಕರೆದೊಯ್ಯಬೇಕಿತ್ತು ಎನ್ನುವುದು ಈಚಿನದು. ಇಷ್ಟನ್ನೂ ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡವಳು ಟೀಚರಮ್ಮ.

“ನಾನು ವಾಪಸ್ ಬರ್ತೀನೋ ಇಲ್ವೋ ನನಗೆ ಗೊತ್ತಿಲ್ಲ,” ಎಂದಳು. “ಬರದೆ ಹೋದ್ರೆ, ಯಾವ ಸ್ಕ್ರೂ ಬಿಗಿ ಮಾಡೋದು ಮರೆತೆ ಅಂತ ನೀವು ಸಾಯೋವರೆಗೂ ಹುಡುಕ್ತಾ ಇರ್ತೀರಿ. ನನಗೆ ಆಪರೇಷನ್ ಭಯ ಇಲ್ಲ ರೀ, ಇದರ ಭಯ. ನಾನು ನಿಮ್ಮ ಕೈಲಿಲ್ಲ. ಅಷ್ಟು ಒಪ್ಕೊಂಡು ಒಂದು ಹೊತ್ತು ಕೂತಿರಿ.”

ಫಿಟ್ಟರ್ ಒರೆಸಿದ ಲೋಟವನ್ನೇ ಮತ್ತೆ ಒರೆಸಿದ. ಅವಳಿಲ್ಲದ ಮನೆಯನ್ನು ಒಂದು ಗಳಿಗೆ ಕಣ್ಣ ಮುಂದೆ ತಂದುಕೊಂಡು, ಅದನ್ನು ತಡೆಯಲಾರದೆ ಬೇಗ ಬೇಗ ಲೋಟಗಳನ್ನು ಜೋಡಿಸಿದ. ಅಷ್ಟೇ ತಾನೇ, ಕೂರ್ತೀನಿ ಬಿಡು, ನಾನಿದ್ದೀನಲ್ಲ ಎಂದ.

ಮಾತು ಕೊಟ್ಟ ಮೇಲೆ ಅದೂ ಒಂದು ಕೆಲಸವೇ ಆಯಿತು. ಕೆಲಸವೆಂದ ಮೇಲೆ ತಯಾರಿ ಬೇಡವೇ. ಮಾರನೆಯ ದಿನ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು, ಎರಡೂ ಅಂಗೈ ಮೊಣಕಾಲ ಮೇಲೆ ಊರಿ ಕೂತ. ಎದುರಿನ ಗೋಡೆ ಗಡಿಯಾರ ಸ್ವಲ್ಪ ಓರೆಯಾಗಿತ್ತು. ಎದ್ದು ಸರಿಮಾಡಿ ಬಂದ. ಈಗ ಪಕ್ಕದ ಫೋಟೊ ಓರೆ ಕಂಡಿತು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರೆ ಗೋಡೆಯಲ್ಲೇ ಬಿರುಕು. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಸಂಜೆ ಮನೆಗೆ ಬಂದಾಗ ಅಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಕುರ್ಚಿಯ ಕೈಗಳನ್ನು ಹಿಡಿದು, ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಕೂತಿದ್ದ. ತಮಾಷೆಯೆಂದರೆ, ಎಲ್ಲದಕ್ಕೂ ದೇವರಿಗೆ ಸೂಚನೆ ಕೊಡುತ್ತಿದ್ದವನು ಈ ಒಂದಕ್ಕೆ ಆತನನ್ನು ಕರೆಯಲಿಲ್ಲ. ಸುಮ್ಮನೆ ಕೂರುವ ಇಷ್ಟು ಸಣ್ಣ ಕೆಲಸಕ್ಕೆ ಆತನಿಗೆ ಯಾಕೆ ತೊಂದರೆ ಕೊಡಬೇಕು ಎಂದುಕೊಂಡ.

ಆಪರೇಷನ್ನಿನ ದಿನ ಬೆಳಿಗ್ಗೆ ಮನೆ ಬಿಡುವ ಮುಂಚೆ ಟೀಚರಮ್ಮ ಅವನ ಜೇಬು ತಡಕಿದಳು. ಟೆಸ್ಟರು, ಸಣ್ಣ ಸ್ಪ್ಯಾನರು, ಟೇಪಿನ ಸುರುಳಿ, ಅರ್ಧ ಹಿಡಿ ವಾಷರು ಮೇಜಿನ ಮೇಲೆ ಗುಡ್ಡೆಬಿದ್ದವು. ಕಾಲುಚೀಲ ತೆಗೆಸಿ ನೋಡಿದರೆ ಅಲ್ಲೊಂದು ಸ್ಕ್ರೂಡ್ರೈವರ್ ಸಿಕ್ಕಿತು. ಫೋನನ್ನು ಮಗಳ ವಶಕ್ಕೆ ಕೊಡಿಸಿದಳು, ಇಲ್ಲವಾದರೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ನಿಗೆ ಬುದ್ಧಿ ಹೇಳುತ್ತಾನೆಂದು. ಆಪರೇಷನ್ ಥಿಯೇಟರಿಗೆ ಒಯ್ಯುವ ಗಾಲಿಮಂಚದ ಒಂದು ಚಕ್ರ ಕೀಚುಗುಟ್ಟುತ್ತಿತ್ತು. ಅವನು ತುಟಿ ಕಚ್ಚಿ ತಡೆದುಕೊಂಡದ್ದನ್ನು ಮಲಗಿದ್ದಲ್ಲಿಂದಲೇ ಕಂಡು ಅವಳ ಕಣ್ಣಲ್ಲಿ ನಗು ಮಿಂಚಿತು. ಒಳಬಾಗಿಲ ಹತ್ತಿರ ಅವನ ಕೈ ಬಿಡಿಸಿಕೊಂಡು, ಚಾಪೆಯ ಮೇಲಿನ ಮಕ್ಕಳಿಗೆ ಹೇಳುವ ದನಿಯಲ್ಲೇ, ಕೂತ್ಕೊಳ್ಳಿ ಎಂದಳು.

ಕಾಯುವ ಕೋಣೆ ಚಿಕ್ಕದು. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು, ಕುಡಿಯುವ ನೀರಿನ ಯಂತ್ರ, ಹಳೆಯ ಪತ್ರಿಕೆಗಳು. ಬಾಗಿಲಲ್ಲಿ ಅಂಗೈಯಗಲದ ಉದ್ದನೆ ಗಾಜು, ಅದರಾಚೆ ಕಾರಿಡಾರು. ಮೂಲೆಯಲ್ಲೊಬ್ಬ ಗಡ್ಡದವನು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಅವನ ಅಣ್ಣನಿಗೂ ಒಳಗೆ ಆಪರೇಷನ್ ನಡೆದಿತ್ತಂತೆ. ಇಂಥ ಹೊತ್ತಿನಲ್ಲಿ ನಿದ್ದೆಯೇ ಎಂದು ಫಿಟ್ಟರನಿಗೆ ಕೋಪ ಬಂತು. ಕೂತ. ನೀರಿನ ಯಂತ್ರ ತೊಟ್ಟಿಕ್ಕುತ್ತಿತ್ತು, ನೋಡಲಿಲ್ಲ. ಟ್ಯೂಬ್‌ಲೈಟು ಮಿಣಮಿಣ ಎನ್ನುತ್ತಿತ್ತು, ನೋಡಲಿಲ್ಲ. ಬಾಗಿಲಿನ ಹಿಡಿಕೆ ಸಡಿಲವಾಗಿತ್ತು. ಬರುವವರು ಹೋಗುವವರೆಲ್ಲ ಅದನ್ನು ಅಲ್ಲಾಡಿಸಿ, ಗೊಣಗಿ, ಎಳೆದಾಡಿ ಬಾಗಿಲು ತೆಗೆಯುತ್ತಿದ್ದರು. ಒಂದು ಪುಟ್ಟ ಸ್ಕ್ರೂ, ಕಾಲು ತಿರುವು, ಅಷ್ಟರ ಕೆಲಸ. ಅವನ ಬಲಗೈ ತುರಿಸತೊಡಗಿತು.

ಅಷ್ಟರಲ್ಲಿ ಸಿಸ್ಟರೊಬ್ಬಳು ಬಂದು ಜೊತೆಗಿದ್ದ ಮಗಳಿಗೆ ಔಷಧಿ ತರಲು ಹೇಳಿದಳು. ಅಲ್ಲಾಡಬೇಡ ಎಂದು ಅಪ್ಪನಿಗೆ ಬೆರಳು ತೋರಿಸಿ, ಪರ್ಸು ಫೋನು ಎತ್ತಿಕೊಂಡು, ಕೈಚೀಲವನ್ನು ಕುರ್ಚಿಯ ಮೇಲೆ ಬಿಟ್ಟು ಮಗಳು ಕೆಳಗಿಳಿದು ಹೋದಳು. ಕನ್ನಡಕದ ಅಂಗಡಿಯವಳ ಕೈಚೀಲದಲ್ಲಿ ಏನಿರುತ್ತದೆಂದು ಫಿಟ್ಟರನಿಗೆ ಚೆನ್ನಾಗಿ ಗೊತ್ತು: ಕನ್ನಡಕದ ಕಡ್ಡಿ ಬಿಗಿಮಾಡುವ, ಸೂಜಿಗಿಂತ ತುಸು ದಪ್ಪನೆಯ ಸ್ಕ್ರೂಡ್ರೈವರ್. ಚೀಲಕ್ಕೆ ಕೈ ಹಾಕಿದ್ದು ಕೂತುಕೊಂಡೇ, ಆದ್ದರಿಂದ ಮಾತು ತಪ್ಪಿದಂತಾಗಲಿಲ್ಲ. ಆಮೇಲೆ ಬಾಗಿಲ ಪಕ್ಕದ ಕುರ್ಚಿಗೆ ಸರಿದ, ಅದೂ ಕೂರುವುದೇ. ಅಲ್ಲಿ ಕೂತರೆ ಹಿಡಿಕೆ ಕೈಗೆ ಎಟಕುತ್ತಿತ್ತು.

ಸ್ಕ್ರೂ ತುಕ್ಕು ಹಿಡಿದಿತ್ತು. ಪೂರ್ತಿ ಬಿಚ್ಚಿಯೇ ಬಿಗಿ ಮಾಡಬೇಕು ಎಂದು ತೀರ್ಮಾನಿಸಿ ಬಿಚ್ಚಿದ. ಈಚೆಯ ಹಿಡಿಕೆ ಕೈಗೆ ಬಂತು. ಆಚೆಯ ಹಿಡಿಕೆ, ಎರಡನ್ನೂ ಸೇರಿಸುವ ಕಬ್ಬಿಣದ ಸರಳನ್ನೂ ಎಳೆದುಕೊಂಡು, ಕಾರಿಡಾರಿನ ನೆಲಕ್ಕೆ ಠಣ್ಣೆಂದು ಬಿತ್ತು. ಬೀಗದ ಹೊಟ್ಟೆಯೊಳಗೆ ಹಳೆಯ ಸ್ಪ್ರಿಂಗೊಂದು ಪಟ್ಟೆಂದು ಮುರಿದ ಸದ್ದಾಯಿತು. ಬಾಗಿಲು ಮೊದಲೇ ಮುಚ್ಚಿತ್ತು, ಈಗ ಯಾರು ಏನು ಮಾಡಿದರೂ ತೆರೆಯದ ಹಾಗಾಯಿತು. ಮೂಲೆಯ ಗಡ್ಡದವನು ಮಗ್ಗುಲು ಬದಲಿಸಿದ.

ಹೆಚ್ಚು ಹೊತ್ತಾಗಿರಲಿಲ್ಲ, ಗಾಜಿನಾಚೆ ಹೆಡ್ ಸಿಸ್ಟರ ಮುಖ ಕಂಡಿತು. ಟೀಚರಮ್ಮನ ಕಡೆಯವರನ್ನು ಕೂಗುತ್ತ ಬಂದವಳು ಇಲ್ಲದ ಹಿಡಿಕೆಗೆ ಕೈ ಹಾಕಿ ತಬ್ಬಿಬ್ಬಾದಳು. ನೆಲದಿಂದ ಹಿಡಿಕೆ ಎತ್ತಿ ತೂರಿಸಿ ತಿರುಗಿಸಿದರೆ ಅದು ಸುಮ್ಮನೆ ಸುತ್ತು ಹೊಡೆಯಿತು. ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದಳು: ರಕ್ತ ಅಂದುಕೊಂಡದ್ದಕ್ಕಿಂತ ಹೆಚ್ಚು ಹೋಗುತ್ತಿದೆ, ಇಟ್ಟುಕೊಂಡದ್ದು ಸಾಲುವುದಿಲ್ಲ, ಅದೇ ಗುಂಪಿನವರು ಕೂಡಲೇ ಬೇಕು.

ಫಿಟ್ಟರ್ ಬಾಗಿಲಿಗೆ ಭುಜ ಕೊಟ್ಟ, ಅದು ಮಿಸುಕಲಿಲ್ಲ. ಬೀಗದ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ, ಅದು ಮುರಿದು ಅರ್ಧ ಒಳಗೇ ಉಳಿಯಿತು. ಓಡಿಬಂದ ಮಗಳಿಗೆ ಗಾಜಿನ ಮೂಲಕ ಕೂಗಿ ಕಾರ್ಖಾನೆಯ ಮೂವರಿಗೂ ಫೋನ್ ಮಾಡಿಸಿದ. ಒಬ್ಬರೂ ಎತ್ತಲಿಲ್ಲ. ಪಾಳಿ ನಡೆಯುವಾಗ ಯಂತ್ರಗಳ ಹತ್ತಿರ ಯಾರೂ ಫೋನ್ ಇಟ್ಟುಕೊಳ್ಳುವಂತಿಲ್ಲ, ಎಲ್ಲವೂ ಹೊರಗೆ ಕಪಾಟಿನಲ್ಲಿರುತ್ತವೆ. ಆ ನಿಯಮ ಬರಬೇಕೆಂದು ಹಟ ಹಿಡಿದು ತಂದವನು ಅವನೇ. ಜನರೇಟರ್ ನೋಡಿದವನಿಗೆ, ಲಿಫ್ಟು ಕೇಳಿದವನಿಗೆ, ಇದೊಂದು ಹೊಳೆದಿರಲಿಲ್ಲ. ಪಾಸ್ಟರಿಗೆ ಆಗಲೇ ತಿಳಿಸಿದ್ದೇನೆ ಎಂದು ಮಗಳು ಕೂಗಿ ಹೇಳಿದ್ದು ಅವನ ತಲೆಗೆ ಹೋಗಲಿಲ್ಲ. ಬಿಚ್ಚಿದ ಹಿಡಿಕೆಯನ್ನು ಹಿಡಿದುಕೊಂಡು ಕೋಣೆಯ ನಡುವೆ ನಿಂತಿದ್ದ. ಅವಳು ಗೋಡೆಯಾಚೆ ಸಾಯುತ್ತಿರಬಹುದು, ತನ್ನ ಕೈಯಾರೆ ತಾನೇ ಬಾಗಿಲು ಮುಚ್ಚಿಕೊಂಡಿದ್ದೇನೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು.

ಕೂಟದವರು ಬೆಳಗಿನಿಂದ ಚರ್ಚಿನಲ್ಲೇ ಪ್ರಾರ್ಥನೆಗೆ ಕೂತಿದ್ದರು, ಇದ್ದವರು ಇದ್ದ ಹಾಗೆ ಎದ್ದು ಬಂದರು. ಕಾರಿಡಾರಿನಲ್ಲಿ ಅವರು ಹಾದುಹೋಗುವುದು ಗಾಜಿನಲ್ಲಿ ಒಬ್ಬೊಬ್ಬರಾಗಿ ಕಂಡಿತು. ನಲ್ಲಿ ಸೋರುತ್ತಿದ್ದ ಮನೆಯಾಕೆ, ಅವಳ ಹಿಂದೆ ಗಂಡ. ತೋಳು ಮಡಿಸಿಕೊಳ್ಳುತ್ತ ಪಾಸ್ಟರು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆನ್ನುವ ಹುಡುಗರು, ಇಂದು ನಗುತ್ತಿರಲಿಲ್ಲ. ಗುಂಪು ಹೊಂದಿದವರು ಸಿಸ್ಟರು ತೋರಿಸಿದ ಕಡೆ ರಕ್ತ ಕೊಡಲು ನಡೆದರು, ಹೊಂದದವರು ಗೋಡೆಗೊರಗಿ ನಿಂತರು. ಅವರಲ್ಲಿ ಯಾರನ್ನೂ ಫಿಟ್ಟರ್ ಗೊತ್ತುಮಾಡಿರಲಿಲ್ಲ. ಯಾರ ರಕ್ತ ಯಾವುದೆಂದು ಅವನು ಎಂದೂ ಕೇಳಿರಲೂ ಇಲ್ಲ, ಅವರಿಂದ ತನಗೆ ಏನಾದರೂ ಬೇಕಾದೀತು ಎಂದು ಅವನಿಗೆ ಅನಿಸಿದ್ದರೆ ತಾನೇ. ಕಡೆಗೆ ಫ್ಯಾನ್ ಅಜ್ಜಿ ಬಂದಳು. ವಯಸ್ಸಾದವಳ ರಕ್ತ ಯಾರಿಗೂ ಬೇಡವಾಗಿ, ಒಂದು ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಂಟಿ ಕೂತಳು.

“ಅಜ್ಜಿ, ನನ್ನ ಕೈಲಿ ಏನೂ ಆಗ್ತಾ ಇಲ್ಲ,” ಎಂದ ಫಿಟ್ಟರ್ ಸಂದಿಯಿಂದ. ಈ ಮಾತನ್ನು ಅವನು ಇಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ, ದೇವರಿಗೆ ಕೂಡ.

“ಗೊತ್ತಪ್ಪಾ,” ಎಂದಳು ಅಜ್ಜಿ. “ಇಷ್ಟು ದಿನ ದೇವರ ಹೆಸರು ಹೇಳಿ ನಿನ್ನನ್ನ ಕೇಳ್ತಿದ್ವಿ. ಇವತ್ತು ನಿನ್ನ ಹೆಸರು ಹೇಳಿ ದೇವರನ್ನ ಕೇಳ್ತೀವಿ. ನೀನು ಕೂತ್ಕೋ.”

ಆ ಮಾತಿನ ಮೊದಲರ್ಧ ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ, ಶನಿವಾರ ಮಧ್ಯಾಹ್ನದ ಏಣಿ, ಸ್ತೋತ್ರ, ಟೀ ಎಲ್ಲವೂ ಒಟ್ಟಿಗೆ ನೆನಪಾಗಿ ಕಿವಿ ಕೆಂಪಾಯಿತು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದ. ಅಂದು ಗಡ್ಡದವನ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು, ರೂಢಿಯಂತೆ ಕೆಲಸ ಒಪ್ಪಿಸಲು ಕಣ್ಣು ಮುಚ್ಚಿದ. ಒಪ್ಪಿಸಲು ಏನೂ ಸಿಗಲಿಲ್ಲ. ಒಳಗೆ ಏನು ಸಡಿಲವಾಗಿದೆ, ಎಲ್ಲಿ ಸೋರುತ್ತಿದೆ, ಯಾವುದನ್ನು ಮೊದಲು ಹಿಡಿಯಬೇಕು, ಒಂದೂ ಅವನಿಗೆ ತಿಳಿಯದು. ಕರ್ತನೇ ಎಂದ. ಮುಂದೆ ಮಾತು ಬರಲಿಲ್ಲ. ಮತ್ತೆ ಕರ್ತನೇ ಎಂದ. ಅಷ್ಟೇ ಹೇಳುತ್ತ, ದೊಡ್ಡ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಗಡ್ಡದವನು ಒಂದು ಕಣ್ಣು ತೆರೆದು, ಕರವಸ್ತ್ರ ತೆಗೆದು ಅವನ ತೊಡೆಯ ಮೇಲಿಟ್ಟು, ಮತ್ತೆ ಮಲಗಿದ.

ಆಸ್ಪತ್ರೆಯ ಬಡಗಿ ಬಂದದ್ದು ತಡವಾಗಿ. ಬೀಗ ಬಿಟ್ಟು ಬಾಗಿಲಿನ ಕೀಲುಗಳಿಗೆ ಕೈ ಹಾಕಿದ, ಉಳಿ ಜಾರಿಸಿಕೊಂಡ, ಸ್ಕ್ರೂ ಬೀಳಿಸಿ ಹುಡುಕಿದ. ಒಳಗಿನಿಂದ ಅಪ್ಪ ಈಗ ಕೂಗುತ್ತಾನೆ, ಇನ್ನೊಂದು ಗಳಿಗೆಯಲ್ಲಿ ಕೂಗುತ್ತಾನೆ ಎಂದು ಮಗಳು ಕಾದಳು. ಫಿಟ್ಟರ್ ತಲೆ ಎತ್ತಿ ಆ ಕಡೆ ನೋಡಲೂ ಇಲ್ಲ. ಅಪ್ಪನಿಗೂ ಏನೋ ಆಗಿಹೋಯಿತು ಎಂದು ಅವಳಿಗೆ ಗಾಬರಿಯಾಯಿತು. ಬಡಗಿ ಬಾಗಿಲನ್ನು ಪೂರ್ತಿ ಕಿತ್ತು ಪಕ್ಕಕ್ಕೆ ಒರಗಿಸುವ ಹೊತ್ತಿಗೆ ಸರ್ಜನರೇ ಕಾರಿಡಾರಿನಲ್ಲಿ ಬಂದರು. ಬಾಗಿಲಿಲ್ಲದ ಬಾಗಿಲನ್ನು ಒಮ್ಮೆ, ಫಿಟ್ಟರನನ್ನು ಒಮ್ಮೆ ನೋಡಿ, ಅದರ ಬಗ್ಗೆ ಏನೂ ಕೇಳದೆ, ರಕ್ತ ನಿಂತಿದೆ, ಹೊಸ ಕವಾಟ ಚೆನ್ನಾಗಿ ಮುಚ್ಚುತ್ತಿದೆ, ಒಂದು ಹನಿಯೂ ಸೋರುತ್ತಿಲ್ಲ ಎಂದರು. ಯಾವುದರಿಂದ, ಹೇಗೆ ಎಂದು ಫಿಟ್ಟರ್ ಕೇಳಲಿಲ್ಲ. ಅವರ ಕೈ ಹಿಡಿದುಕೊಂಡು ಬಿಡುವುದನ್ನೇ ಮರೆತ.

ಮಾತಾಡುವಷ್ಟು ಚೇತರಿಸಿಕೊಂಡ ದಿನ ಟೀಚರಮ್ಮ ಅವನನ್ನು ಹತ್ತಿರ ಕರೆದಳು. ಮುಖ ಬಿಳಿಚಿತ್ತು, ದನಿ ಸಣ್ಣದಾಗಿತ್ತು.

“ಕೂತಿದ್ರಾ?” ಎಂದಳು.

ಹೂಂ ಅನ್ನಬಹುದಿತ್ತು. ಕೂತದ್ದು ಸುಳ್ಳೂ ಅಲ್ಲ. ಫಿಟ್ಟರ್ ತನ್ನ ಕೈಗಳನ್ನು ನೋಡಿಕೊಂಡ.

“ನಾನಾಗಿ ಕೂರ್ಲಿಲ್ಲ,” ಎಂದ. “ಅದೂ ನನ್ನ ಕೈಲಿ ಆಗ್ಲಿಲ್ಲ. ದೇವರೇ ಕೂರಿಸಿದ.”

“ಬಾಗಿಲು ಕಿತ್ತು ಹಾಕಿದ್ರಂತೆ, ಸಿಸ್ಟರ್ ಹೇಳಿದ್ರು.”

“ಹಿಡಿಕೆ ಮಾತ್ರ. ಬಾಗಿಲು ಕಿತ್ತಿದ್ದು ಬಡಗಿ.”

ನಗಬಾರದು, ಹೊಲಿಗೆ ಎಳೆಯುತ್ತದೆ ಎಂದು ಅವಳಿಗೆ ಹೇಳಿದ್ದರು. ದಿಂಬನ್ನು ಎದೆಗೆ ಒತ್ತಿಕೊಂಡು ನಕ್ಕಳು, ನೋವಿಗೆ ಕಣ್ಣಲ್ಲಿ ನೀರು ಬಂತು, ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ.

“ನಾನು ಕೇಳಿದ್ದು ನೀವು ಕೂತಿರ್ಲಿ ಅಂತ, ಅದೊಂದೇ,” ಎಂದಳು. “ಬದುಕಿ ಬರ್ಬೇಕು ಅಂತ ಕೇಳೇ ಇರ್ಲಿಲ್ಲ ರೀ. ಅದನ್ನ ಕೇಳದೇನೇ ಕೊಟ್ಟ.”

ಫಿಟ್ಟರ್ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. ಸಿಸ್ಟರ್ ಬಂದು ಹೊತ್ತಾಯಿತು ಎನ್ನುವವರೆಗೂ ಅವಳ ಕೈ ಹಿಡಿದು ಅಲ್ಲೇ ಕೂತಿದ್ದ.